ಕಿಡ್ನಿ ಎಲ್ಲಿದೆ, ಕೈಯಿಟ್ಟು ತೋರಿಸಿ: ಮೂತ್ರಾಂಗಗಳನ್ನು ಮುಟ್ಟಿ ನೋಡಿ ಕಲಿಯುವ ಸಮಗ್ರ ಮಾರ್ಗದರ್ಶಿ

ಪಾಠ ಶುರು ಮಾಡುವ ಮೊದಲು ನಾನು ಮಕ್ಕಳಿಗೆ ಕೇಳುವುದು ಒಂದೇ ಮಾತು. "ಕಿಡ್ನಿ ಎಲ್ಲಿ ಐತಿ? ನಿಮ್ಮ ಮೈ ಮ್ಯಾಲೆ ಕೈಯಿಟ್ಟು ತೋರಸ್ರಿ." ಬಹಳಷ್ಟು ಕೈಗಳು ಸೊಂಟಕ್ಕೆ, ಬೆಲ್ಟು ಕಟ್ಟುವ ಜಾಗಕ್ಕೆ ಹೋಗುತ್ತವೆ. ಕೆಲವು ಹೊಕ್ಕಳಿನ ಅಕ್ಕಪಕ್ಕಕ್ಕೆ. ಸರಿಯಾದ ಜಾಗಕ್ಕೆ ಹೋಗುವ ಕೈ ತರಗತಿಗೆ ಎರಡೋ ಮೂರೋ. ಅದೇ ಮಕ್ಕಳು ಪರೀಕ್ಷೆಯಲ್ಲಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತರುತ್ತಾರೆ. ಚಿತ್ರ ಬಂತು, ಅಂಗ ಬರಲಿಲ್ಲ.

ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ, ಮನೆ ಹುಬ್ಬಳ್ಳಿಯಲ್ಲಿ. ಈ ಪಾಠವನ್ನು ಪುಸ್ತಕದ ಚಿತ್ರದಿಂದ ಶುರು ಮಾಡುವುದನ್ನು ಬಿಟ್ಟು ಬಹಳ ವರ್ಷಗಳಾದವು. ಮೊದಲು ನಮ್ಮ ಬೆನ್ನು, ಆಮೇಲೆ ಮಾಂಸದಂಗಡಿಯಿಂದ ತಂದ ಒಂದು ಗುರ್ದಾ, ಅಂದರೆ ಕುರಿಯದೋ ಆಡಿನದೋ ಕಿಡ್ನಿ, ಕೊನೆಗೆ ಚಿತ್ರ. ಈ ದಾರಿಯಲ್ಲಿ ಕಲಿತದ್ದು ಮರೆಯುವುದಿಲ್ಲ. ಹತ್ತನೇ ತರಗತಿಯವರು, ಪಿಯುಸಿಯವರು, ನರ್ಸಿಂಗ್ ಸೇರಿದವರು, ಮಕ್ಕಳಿಗೆ ಪಾಠ ಹೇಳುವ ತಂದೆತಾಯಿ, ಯಾರು ಬೇಕಾದರೂ ಮಾಡಬಹುದು. ಎರಡು ಭಾನುವಾರ ಇಟ್ಟುಕೊಳ್ಳಿ.

ಹೆಸರಿನ ಗೊಂದಲ ಮೊದಲೇ ಬಗೆಹರಿಸೋಣ. ನಮ್ಮಲ್ಲಿ ಕಿಡ್ನಿಗೆ ಮೂತ್ರಪಿಂಡ, ಮೂತ್ರಜನಕಾಂಗ ಎಂದು ಎರಡು ಹೆಸರು. ಎರಡೂ ಒಂದೇ. ನಿಜವಾದ ತೊಂದರೆ ನಾಳಗಳದ್ದು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವುದೂ ಮೂತ್ರನಾಳ, ಮೂತ್ರಕೋಶದಿಂದ ಹೊರಗೆ ಹೋಗುವುದೂ ಮೂತ್ರನಾಳ ಎಂದು ಬರೆದು ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಯುರೇಟರ್, ಯುರೇತ್ರಾ ಎಂಬ ಇಂಗ್ಲಿಷ್ ಹೆಸರುಗಳೂ ಅವಳಿ ಮಕ್ಕಳ ಹಾಗೇ ಇವೆ. ನಾನು ಮೇಲಿನ ನಾಳ, ಹೊರನಾಳ ಅನ್ನುತ್ತೇನೆ. ಮೇಲಿನ ನಾಳ ಎರಡು, ಹೊರನಾಳ ಒಂದು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಮೊದಲ ಭಾನುವಾರ: ಬನಿಯನ್ ಮೇಲೆ ನಕ್ಷೆ

ಬೇಕಾದದ್ದು ಒಂದು ಹಳೆಯ ಬಿಗಿ ಬನಿಯನ್, ಒಂದು ಮಾರ್ಕರ್ ಪೆನ್, ಒಂದು ಸ್ಕೇಲು, ಸುಮ್ನೆ ನಿಲ್ಲಲು ಒಪ್ಪುವ ಒಬ್ಬ ಅಣ್ಣನೋ ತಮ್ಮನೋ. ಇಲ್ಲಿ ಕೊಡುವ ಅಳತೆ ಬೆಳೆದವರ ಮೈಯದು. ಚಿಕ್ಕವರಿಗೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಬನಿಯನ್ ತೊಟ್ಟವನನ್ನು ನಿಮಗೆ ಬೆನ್ನು ಮಾಡಿ ನಿಲ್ಲಿಸಿ. ಸೊಂಟದ ಎರಡೂ ಬದಿಗೆ ನಿಮ್ಮ ಕೈಗಳನ್ನಿಟ್ಟು ಒತ್ತಿ ನೋಡಿ, ಮೂಳೆಯ ಅಂಚು ಸಿಗುತ್ತದೆ. ಅದರ ಅತಿ ಎತ್ತರದ ಜಾಗಗಳನ್ನು ಎರಡೂ ಕಡೆ ಗುರುತು ಮಾಡಿ, ಅಡ್ಡಗೆರೆ ಎಳೆಯಿರಿ. ಆ ಗೆರೆ ಬೆನ್ನುಮೂಳೆಯನ್ನು ದಾಟುವಲ್ಲಿ ಸಿಗುವ ಗಂಟು ಸೊಂಟದ ನಾಲ್ಕನೇ ಮಣಿ. ಈಗ ಅವನಿಗೆ ಸ್ವಲ್ಪ ಮುಂದಕ್ಕೆ ಬಾಗಲು ಹೇಳಿ. ಬೆನ್ನಿನ ಮಣಿಗಳು ಒಂದೊಂದಾಗಿ ಬೆರಳಿಗೆ ತಾಕುತ್ತವೆ. ಒಂದು ಮೇಲಕ್ಕೆ ಹೋದರೆ ಮೂರನೆಯದು. ಅಲ್ಲೊಂದು ಅಡ್ಡಗೆರೆ. ಇನ್ನೂ ಮೇಲಕ್ಕೆ ಎಣಿಸಿ: ಎರಡು, ಒಂದು. ಅದರ ಮೇಲೆ ಎದೆಯ ಹನ್ನೆರಡನೆಯದು, ಆಮೇಲೆ ಹನ್ನೊಂದನೆಯದು. ಅಲ್ಲಿ ಇನ್ನೊಂದು ಅಡ್ಡಗೆರೆ. ಗುರುತಾದ ಮೇಲೆ ಅವನು ನೆಟ್ಟಗೆ ನಿಲ್ಲಲಿ.

ಈಗ ಉದ್ದಗೆರೆಗಳು. ಬೆನ್ನಿನ ನಡುಗೆರೆಯಿಂದ ಎರಡೂ ಬದಿಗೆ 2.5 ಸೆಂಟಿಮೀಟರ್ ದೂರದಲ್ಲಿ ಒಂದು, 9.5 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು. ಎರಡು ಕಡೆ ಎರಡು ಚೌಕಟ್ಟು ಸಿಕ್ಕವು. ವೈದ್ಯಕೀಯ ವಿದ್ಯಾರ್ಥಿಗಳು ಇದನ್ನು ಮಾರಿಸ್ ಚೌಕ ಎಂದು ಕಲಿಯುತ್ತಾರೆ. ಕಿಡ್ನಿ ಈ ಚೌಕಟ್ಟಿನೊಳಗೆ ಇರುತ್ತದೆ.

ಕಿಡ್ನಿ ಬರೆಯುವಾಗ ನೇರ ನಿಲ್ಲಿಸಬೇಡಿ. ಮೇಲಿನ ತುದಿ ಬೆನ್ನುಮೂಳೆಯ ಕಡೆ ವಾಲಿರಬೇಕು, ಕೆಳಗಿನ ತುದಿ ಹೊರಗೆ ಸರಿದಿರಬೇಕು. ಉದ್ದ 11 ಸೆಂಟಿಮೀಟರ್ ಆಸುಪಾಸು, ಅಗಲ 5ರಿಂದ 6, ದಪ್ಪ 3. ಹೆಚ್ಚುಕಡಿಮೆ ಅವರವರ ಮುಷ್ಟಿಯಷ್ಟು. ಒಳಬಾಗಿದ ಬದಿ ಬೆನ್ನುಮೂಳೆಗೆ ಮುಖ ಮಾಡಿರಲಿ. ಬಲಗಡೆಯದನ್ನು ಒಂದು ಬೆರಳಗಲ ಕೆಳಗೆ ಬರೆಯಿರಿ. ಅದರ ಮೇಲೆ ಲಿವರ್ ಕೂತಿದೆ, ದೊಡ್ಡ ಅಂಗ, ಜಾಗ ಕೊಡಲೇಬೇಕು.

ಚಿತ್ರ ಮುಗಿದ ಮೇಲೆ ಸ್ವಲ್ಪ ಹಿಂದೆ ಸರಿದು ನೋಡಿ. ಕಿಡ್ನಿಯ ಮೇಲಿನ ಅರ್ಧ ಪಕ್ಕೆಲುಬಿನ ಅಡಿಯಲ್ಲೇ ಹೋಗಿದೆ! ಎಡದ್ದರ ಹಿಂದೆ ಹನ್ನೊಂದು, ಹನ್ನೆರಡನೇ ಪಕ್ಕೆಲುಬು ಎರಡೂ ಬರುತ್ತವೆ, ಬಲದ್ದರ ಹಿಂದೆ ಹನ್ನೆರಡನೆಯದು. ಬೆಲ್ಟು ಎಲ್ಲೋ ಕೆಳಗಿದೆ. ಈ ಹೊತ್ತಿಗೆ ಮಕ್ಕಳ ಮುಖ ನೋಡಬೇಕು. ಒಬ್ಬಳು ಹುಡುಗಿ, "ಟೀಚರ್ರ, ನಮ್ಮವ್ವ ಸೊಂಟ ನೋಯಸ್ತೈತಿ ಅಂದ್ರ ಕಿಡ್ನಿ ಹಾಳಾತೇನೋ ಅಂತ ಅಂಜತಾಳ. ಅಲ್ಲಿ ಕಿಡ್ನಿನ ಇಲ್ಲಲ್ರೀ?" ಅಂದಳು. ಹೌದು ತಂಗಿ, ಅಲ್ಲಿಲ್ಲ. ಹಾಗಂತ ಸೊಂಟನೋವಿಗೆ ಕಿಡ್ನಿ ಎಂದೂ ಕಾರಣವಲ್ಲ ಅಂತ ಅಲ್ಲ, ಅದು ಡಾಕ್ಟರು ನೋಡಿ ಹೇಳಬೇಕಾದ ಮಾತು. ಆದರೆ ಗದ್ದೆಯಲ್ಲಿ ದಿನವಿಡೀ ಬಾಗಿ ಕಳೆ ತೆಗೆದವಳ ಸೊಂಟ ನೋಯುವುದು ಹೆಚ್ಚಾಗಿ ಸ್ನಾಯು ಮತ್ತು ಮೂಳೆಯಿಂದ.

ಕೊನೆಯ ಪಕ್ಕೆಲುಬು ಬೆನ್ನಿನ ದಪ್ಪ ಸ್ನಾಯುವನ್ನು ಸೇರುವ ಕಡೆ ಒಂದು ಮೂಲೆ ಆಗುತ್ತದೆ. ಅಲ್ಲೊಂದು ಚುಕ್ಕೆ ಇಡಿ. ಡಾಕ್ಟರು ಕಿಡ್ನಿ ಪರೀಕ್ಷೆ ಮಾಡುವಾಗ ಹಿಂದಿನಿಂದ ಮೆಲ್ಲಗೆ ತಟ್ಟುವುದು ಇಲ್ಲೇ. ನೀವು ತಟ್ಟಲು ಹೋಗಬೇಡಿ, ಜಾಗ ಗೊತ್ತಿದ್ದರೆ ಸಾಕು.

ಇನ್ನೊಂದು ವಿಷಯ. ಕಿಡ್ನಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ವಸ್ತುವಲ್ಲ. ಹೊಟ್ಟೆಯ ಪೊರೆಯ ಹಿಂದೆ, ಕೊಬ್ಬಿನ ಹಾಸಿಗೆಯಲ್ಲಿ ಮಲಗಿದೆ. ಉಸಿರು ಎಳೆದಾಗ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಕೆಳಗಿಳಿಯುತ್ತದೆ, ಜೊತೆಗೆ ಕಿಡ್ನಿಯೂ ಎರಡು ಮೂರು ಸೆಂಟಿಮೀಟರ್ ಜಾರಿ, ಉಸಿರು ಬಿಟ್ಟಾಗ ಮೇಲೇರುತ್ತದೆ. ನೀವು ಇದನ್ನು ಓದುತ್ತಿರುವಾಗಲೂ ಅವೆರಡೂ ಮೇಲೆ ಕೆಳಗೆ ಆಡುತ್ತಿವೆ.

ಎರಡನೇ ಭಾನುವಾರ: ಗುರ್ದಾ ತರುವುದು

ನಮ್ಮ ಕಡೆ ಮಾಂಸದಂಗಡಿಯಲ್ಲಿ ಮೂತ್ರಪಿಂಡ ಅಂದರೆ ಯಾರಿಗೂ ತಿಳಿಯುವುದಿಲ್ಲ. ಗುರ್ದಾ ಅನ್ನಿ. ಬೆಳಿಗ್ಗೆ ಬೇಗ ಹೋಗಿ, ಆ ದಿನ ಕೊಯ್ದದ್ದನ್ನೇ ಕೇಳಿ. ಅಂಗಡಿಯವರು ಅಭ್ಯಾಸಬಲದಿಂದ ಕೊಬ್ಬು ಕಿತ್ತು, ನಾಳಗಳನ್ನು ಬುಡಕ್ಕೆ ಕತ್ತರಿಸಿ ಕೊಡುತ್ತಾರೆ. ಅದು ಅಡಿಗೆಗೆ ಸರಿ, ನಮಗೆ ಬೇಡ.

"ಅಣ್ಣಾ, ಕೊಬ್ಬು ತಗೀಬ್ಯಾಡ್ರಿ. ನಡುವಿನ ನಳಗಿ ಒಂದ್ ಗೇಣು ಉದ್ದ ಬಿಡ್ರಿ."

"ಕೊಬ್ಬು ಸಮೇತ ಯಾಕ್ರೀ ನಿಮಗ?"

ಶಾಲೆಗೆ ಎಂದು ಹೇಳಿದ ಮೇಲೆ ಆತ ತಾನೇ ಹುಡುಕಿ ಮೂತ್ರಕೋಶವನ್ನೂ ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ನೀವೂ ಕೇಳಿ ನೋಡಿ. ಸಿಗದಿದ್ದರೆ ಬಲೂನು ಇದೆ.

ಮಾಂಸ ಮುಟ್ಟದ ಮನೆಗಳು ನಮ್ಮ ಧಾರವಾಡ ಸೀಮೆಯಲ್ಲಿ ಜಾಸ್ತಿ. ಯಾವ ಮಗುವನ್ನೂ ಒತ್ತಾಯ ಮಾಡಬೇಡಿ. ಶಾಲೆಯಲ್ಲಿ ಮಾಡುವುದಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ, ಮನೆಯವರ ಒಪ್ಪಿಗೆ ಮೊದಲು. ಮುಟ್ಟಲಾರದವರು ಬನಿಯನ್, ಕೊಡ, ದಾರ, ಬಲೂನು, ಇಷ್ಟರಲ್ಲೇ ಪಾಠದ ಮುಕ್ಕಾಲು ಭಾಗ ಕಲಿಯಬಹುದು.

ಕೈಗೆ ಗ್ಲೌಸ್ ಹಾಕಿ. ತಟ್ಟೆ, ಚಾಕು ಅಡಿಗೆಮನೆಯವು ಬೇಡ, ಬೇರೆಯವು ಇರಲಿ. ಕೊಯ್ಯುವ ಕೆಲಸ ದೊಡ್ಡವರದೇ. ಜೊತೆಗೆ ಸೂಜಿ ಇಲ್ಲದ ಎರಡು ಸಿರಿಂಜ್, ಖಾಲಿ ಪೆನ್ ರೀಫಿಲ್‌ನ ಎರಡು ತುಂಡು, ನೀಲಿ ಶಾಯಿ, ಅರಿಶಿನದ ನೀರು, ದಾರ, ಭೂತಗನ್ನಡಿ ಇಟ್ಟುಕೊಳ್ಳಿ.

ಹೊರಗಿನಿಂದ ನೋಡುವುದು

ಕೊಬ್ಬನ್ನು ಬೆರಳಿಂದಲೇ ಬಿಡಿಸಿ, ಚಾಕು ಬೇಡ. ಬಿಡಿಸುತ್ತಾ ಹೋದರೆ ಎಷ್ಟು ದಪ್ಪ ಹಾಸಿಗೆ ಅಂತ ಕೈಗೇ ಗೊತ್ತಾಗುತ್ತದೆ. ಮನುಷ್ಯನಲ್ಲೂ ಹೀಗೇ. ಪೆಟ್ಟಿನಿಂದ ಕಾಪಾಡುವುದೂ ಇದೇ, ಜಾಗದಲ್ಲಿ ಹಿಡಿದಿಡುವುದೂ ಇದೇ. ಬಹಳ ಸೊರಗಿದವರಲ್ಲಿ ಈ ಕೊಬ್ಬು ಕರಗಿ ಕಿಡ್ನಿ ಕೆಳಗೆ ಜಾರುವುದುಂಟು.

ಕೊಬ್ಬು ಹೋದ ಮೇಲೆ ಹೊಳೆಯುವ ಒಂದು ಪೊರೆ. ಉಗುರಿನಿಂದ ಒಂದು ಕಡೆ ಎತ್ತಿ, ಮೆಲ್ಲಗೆ ಎಳೆಯಿರಿ. ಉಳ್ಳಾಗಡ್ಡಿಯ ಪದರಗಳ ನಡುವೆ ಬರುವ ತೆಳು ಪೊರೆಯ ಹಾಗೆ ಸುಲಿದು ಬರುತ್ತದೆ. ಆರೋಗ್ಯದ ಕಿಡ್ನಿಯಲ್ಲಿ ಹೀಗೆ ಸಲೀಸಾಗಿ ಸುಲಿಯುತ್ತದೆ. ರೋಗದಿಂದ ಕುಗ್ಗಿದ ಕಿಡ್ನಿಯಲ್ಲಿ ಅಂಟಿಕೊಂಡಿರುತ್ತದೆ.

ಈಗ ಒಳಬಾಗಿದ ಬದಿಗೆ ಬನ್ನಿ. ಅಲ್ಲಿ ಮೂರು ನಾಳ ಹುಡುಕಬೇಕು. ಅವಸರ ಮಾಡಬೇಡಿ, ನನಗೆ ಮೊದಲ ಸಲ ಅರ್ಧ ಗಂಟೆ ಹಿಡಿಯಿತು. ಗೋಡೆ ತೆಳು, ಚಪ್ಪಟೆ ಬಿದ್ದಿರುವುದು ಅಭಿಧಮನಿ, ಕಿಡ್ನಿಯಿಂದ ರಕ್ತ ವಾಪಸ್ ಒಯ್ಯುವುದು. ಗೋಡೆ ದಪ್ಪ, ಒತ್ತಿ ಬಿಟ್ಟರೆ ಮತ್ತೆ ಗುಂಡಗಾಗುವುದು ಅಪಧಮನಿ, ಕಿಡ್ನಿಗೆ ರಕ್ತ ತರುವುದು. ಬೆಳ್ಳಗೆ ಗಟ್ಟಿಯಾಗಿ, ಕೊಬ್ಬಿನ ನಡುವೆ ಕೆಳಗಿಳಿಯುವುದು ಮೇಲಿನ ನಾಳ. ಮನುಷ್ಯನಲ್ಲಿ ಇವು ಮುಂದಿನಿಂದ ಹಿಂದಕ್ಕೆ ಇದೇ ಸಾಲಿನಲ್ಲಿ ನಿಂತಿವೆ: ಮೊದಲು ಅಭಿಧಮನಿ, ನಡುವೆ ಅಪಧಮನಿ, ಹಿಂದೆ ಮೂತ್ರದ ನಾಳ.

ಪರೀಕ್ಷೆ ಮಾಡಿಯೇ ಬಿಡಿ. ಅಪಧಮನಿಯಲ್ಲಿ ರೀಫಿಲ್ ತುಂಡು ಇಟ್ಟು, ದಾರದಿಂದ ಬಿಗಿದು, ಸಿರಿಂಜಿನಿಂದ ನೀಲಿ ಶಾಯಿಯ ನೀರನ್ನು ನಿಧಾನ ತಳ್ಳಿ. ಮೇಲಿನ ನಾಳಕ್ಕೆ ಅರಿಶಿನದ ನೀರು ತಳ್ಳಿ. ಎರಡು ಬಣ್ಣ ಎಲ್ಲಿಗೆ ಹೋಗಿವೆ ಅಂತ ಕೊಯ್ದ ಮೇಲೆ ನೋಡೋಣ. ಇಟಲಿಯ ಮಾಲ್ಪೀಗಿ ಎಂಬ ವಿಜ್ಞಾನಿ ಕಿಡ್ನಿಯ ಬಗ್ಗೆ ಬರೆದದ್ದು 1666ರಲ್ಲಿ. ಅವನೂ ಹೀಗೇ ಅಪಧಮನಿಗೆ ಕಪ್ಪು ದ್ರವ ತುಂಬಿಸಿ, ಒಳಗೆ ಗಿಡಕ್ಕೆ ಹಣ್ಣು ಬಿಟ್ಟ ಹಾಗೆ ಜೋತುಬಿದ್ದ ಸಣ್ಣ ಉಂಡೆಗಳನ್ನು ಕಂಡಿದ್ದ. ನಮ್ಮ ಸಿರಿಂಜಿನ ಕೆಲಸ ಅವನದೇ ಕೆಲಸ.

ಕೊಯ್ಯುವುದು

ಹೊರಬಾಗಿದ ಬದಿಯಿಂದ, ಉದ್ದಕ್ಕೆ, ಒಂದೇ ಎಳೆತದಲ್ಲಿ ಕೊಯ್ಯಬೇಕು. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಒಳಗಿನ ಗೆರೆಗಳು ಕಲಸಿಹೋಗುತ್ತವೆ. ಒಳಬದಿಯಲ್ಲಿ ಸ್ವಲ್ಪ ಅಂಟಿಕೊಂಡೇ ಇರಲಿ. ಶೇಂಗಾ ಕಾಳಿನ ಎರಡು ಬೇಳೆ ಬಿಚ್ಚಿದ ಹಾಗೆ ತೆರೆಯಿರಿ.

ಹೊರಗಿನ ಪಟ್ಟಿ ಕಂದುಕೆಂಪು, ಸಣ್ಣ ರವೆ ರವೆಯಾಗಿದೆ. ಅಲ್ಲಲ್ಲಿ ನೀಲಿ ಬಣ್ಣ ಬಂದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಸೂಜಿಮೊನೆಯಷ್ಟು ಚುಕ್ಕೆಗಳು ಕಂಡರೆ ನಿಮ್ಮ ಅದೃಷ್ಟ. ಅವೇ ರಕ್ತ ಸೋಸುವ ಉಂಡೆಗಳು. ಒಂದೊಂದೂ ಸುಮಾರು 0.2 ಮಿಲಿಮೀಟರ್. ಒಳಗಿನ ಪಟ್ಟಿಯಲ್ಲಿ ಬೀಸಣಿಗೆಯ ಹಾಗೆ ಗೆರೆಗಳು ಒಂದೇ ಕಡೆ ಕೂಡುತ್ತವೆ. ಅವು ಸಣ್ಣ ಕೊಳವೆಗಳ ಸಾಲು. ಕೂಡುವ ಕಡೆ ಬಿಳಿಯ, ನುಣುಪಾದ ಬಟ್ಟಲು, ಅದರಲ್ಲಿ ನಿಮ್ಮ ಅರಿಶಿನದ ನೀರು. ಹೊರಗಿನಿಂದ ಒಳಕ್ಕೆ ಸೋಸುವ ಜಾಗ, ಕೊಳವೆಯ ಜಾಗ, ಬಟ್ಟಲು. ಇಡೀ ಪಾಠ ತಟ್ಟೆಯಲ್ಲಿದೆ.

ಇಲ್ಲಿ ಬಹಳ ಜನ ತಪ್ಪುವ ಒಂದು ವಿಷಯ ಇದೆ, ದಯವಿಟ್ಟು ಗಮನಿಸಿ. ಕುರಿ, ಆಡಿನ ಕಿಡ್ನಿ ಮನುಷ್ಯನದರ ನಕಲು ಅಲ್ಲ. ಅವುಗಳಲ್ಲಿ ಒಳಗಿನ ಗೆರೆಗಳೆಲ್ಲ ಒಂದೇ ಉದ್ದನೆಯ ದಿಬ್ಬಕ್ಕೆ ಬಂದು ಮುಗಿಯುತ್ತವೆ. ಮನುಷ್ಯನಲ್ಲಿ 8ರಿಂದ 18 ಬೇರೆ ಬೇರೆ ಪಿರಮಿಡ್‌ಗಳಿವೆ. ಪಿರಮಿಡ್‌ನ ತುದಿ ಒಂದು ಸಣ್ಣ ಬಟ್ಟಲಿಗೆ ಮೂತ್ರ ತೊಟ್ಟಿಕ್ಕಿಸುತ್ತದೆ. ಸಣ್ಣ ಬಟ್ಟಲುಗಳು ಕೂಡಿ ಎರಡು ಮೂರು ದೊಡ್ಡ ಬಟ್ಟಲು, ಅವು ಕೂಡಿ ಒಂದು ಆಲಿಕೆ. ಪುಸ್ತಕದ ಚಿತ್ರವನ್ನು ಕುರಿಯ ಕಿಡ್ನಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಮಕ್ಕಳು ತಾವೇ ತಪ್ಪು ಕೊಯ್ದೆವು ಅಂದುಕೊಳ್ಳುತ್ತಾರೆ. ಹಂದಿಯ ಕಿಡ್ನಿ ಈ ವಿಷಯದಲ್ಲಿ ನಮಗೆ ಹತ್ತಿರ.

ಮನುಷ್ಯನ ರಚನೆ ನೆನಪಿಡಲು ನಿಮ್ಮ ಕೈಯನ್ನೇ ನೋಡಿ. ಬೆರಳು ಅಗಲಿಸಿ, ಸ್ವಲ್ಪ ಮಡಚಿ, ತೀರ್ಥ ತೆಗೆದುಕೊಳ್ಳುವ ಹಾಗೆ ಹಿಡಿಯಿರಿ. ಬೆರಳ ತುದಿಗಳು ಸಣ್ಣ ಬಟ್ಟಲು, ಬೆರಳ ಬುಡ ದೊಡ್ಡ ಬಟ್ಟಲು, ಅಂಗೈ ಆಲಿಕೆ, ಮಣಿಕಟ್ಟು ಮೇಲಿನ ನಾಳ.

ಹನ್ನೆರಡು ಕೊಡ

ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್. ಸೋಸುವ ಉಂಡೆ, ಅದನ್ನು ಹಿಡಿದ ಬೋಮನ್ ಬಟ್ಟಲು, ಅದರಿಂದ ಹೊರಟ ಕೊಳವೆ, ಎಲ್ಲ ಸೇರಿ ಒಂದು ನೆಫ್ರಾನ್. ಈ ಬಟ್ಟಲು ಕೊಳವೆಯದೇ ಮುಂದುವರಿಕೆ ಎಂದು ವಿಲಿಯಂ ಬೋಮನ್ ತೋರಿಸಿದ್ದು 1842ರಲ್ಲಿ.

ಬಿಳಿ ದಾರದ 4 ಸೆಂಟಿಮೀಟರ್ ತುಂಡು ಕತ್ತರಿಸಿ. ಒಂದು ನೆಫ್ರಾನ್ ಕೊಳವೆ ಹೆಚ್ಚುಕಡಿಮೆ ಅಷ್ಟು ಉದ್ದ. ದಾರವನ್ನು ಹಲಗೆಯ ಮೇಲೆ ಅಂಟಿಸುತ್ತಾ ಹೋಗಿ: ಮೊದಲು ಸುರುಳಿ ಸುರುಳಿ, ಆಮೇಲೆ ಕೆಳಗಿಳಿದು ಮೇಲೇರುವ ಹೇರ್‌ಪಿನ್ ತಿರುವು, ಮತ್ತೆ ಸುರುಳಿ, ಕೊನೆಗೆ ದೊಡ್ಡ ಕೊಳವೆಗೆ ಕೂಡುವುದು. ಸುರುಳಿಗಳು ಹೊರಪಟ್ಟಿಯಲ್ಲಿ, ತಿರುವು ಒಳಪಟ್ಟಿಯಲ್ಲಿ. ತಟ್ಟೆಯಲ್ಲಿ ಕಂಡ ರವೆ ಮತ್ತು ಗೆರೆಗೆ ಕಾರಣ ಇದೇ. ಈಗ ಲೆಕ್ಕ ಮಾಡಿಸಿ. 10 ಲಕ್ಷ ತುಂಡನ್ನು ಉದ್ದಕ್ಕೆ ಜೋಡಿಸಿದರೆ 40 ಕಿಲೋಮೀಟರ್, ಎರಡು ಕಿಡ್ನಿಗೆ 80. ಹುಬ್ಬಳ್ಳಿಯಿಂದ ಹೊರಟ ದಾರ ಗದಗ ದಾಟಿ ಮುಂದೆ ಹೋಗುತ್ತದೆ. ಮುಷ್ಟಿಯಷ್ಟು ಅಂಗ ಎರಡರಲ್ಲಿ!

ಇನ್ನು ನೀರಿನ ಲೆಕ್ಕ. ಕಿಡ್ನಿಗಳಿಗೆ ನಿಮಿಷಕ್ಕೆ ಒಂದು ಲೀಟರಿಗಿಂತ ಜಾಸ್ತಿ ರಕ್ತ ಬರುತ್ತದೆ, ಹೃದಯ ತಳ್ಳುವುದರ ಐದನೇ ಒಂದು ಪಾಲಿಗಿಂತ ಕಡಿಮೆ ಇಲ್ಲ. ಅದರಿಂದ ನಿಮಿಷಕ್ಕೆ 125 ಮಿಲಿಲೀಟರ್ ಸೋಸಿ ಕೊಳವೆಗಿಳಿಯುತ್ತದೆ. ದಿನಕ್ಕೆ 180 ಲೀಟರ್. ಈ ಸಂಖ್ಯೆ ಬೋರ್ಡಿನ ಮೇಲೆ ಬರೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹಾಗಾಗಿ ಕೊಡ ತರಿಸುತ್ತೇನೆ. 15 ಲೀಟರಿನ ಕೊಡವಾದರೆ ಹನ್ನೆರಡು. ನೀರು ತುಂಬಬೇಡಿ, ಖಾಲಿ ಕೊಡ ಸಾಕು. ನಲ್ಲಿ ನೀರು ಬಿಡುವ ದಿನಕ್ಕಾಗಿ ಕಾಯ್ದು ಡ್ರಮ್ಮು ತುಂಬಿಟ್ಟುಕೊಳ್ಳುವ ಊರು ನಮ್ಮದು, ಪಾಠಕ್ಕೆಂದು ನೀರು ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ.

ಹನ್ನೆರಡು ಕೊಡ ಸಾಲಾಗಿಡಿ. ಮೊದಲ ಸುರುಳಿಯಾಗಲು ಒಬ್ಬ ಹುಡುಗನನ್ನು ಕರೆಯಿರಿ. ಅವನು ಎಂಟು ಕೊಡ ವಾಪಸ್ ರಕ್ತದ ಕಡೆ ಒಯ್ಯಲಿ. ಸಕ್ಕರೆ ಎಲ್ಲವೂ, ಬೇಕಾದ ಉಪ್ಪಿನ ಬಹುಪಾಲು ಅವನ ಜೊತೆಗೇ ಹೋಗುತ್ತದೆ. ಹೇರ್‌ಪಿನ್ ತಿರುವಿನ ಹುಡುಗಿ ಎರಡು ಕೊಡ ಒಯ್ಯಲಿ. ಉಳಿದದ್ದು ಎರಡು. ಇವುಗಳ ಹಣೆಬರಹ ಮಿದುಳು ಬರೆಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಅಲ್ಲಿಂದ ಒಂದು ಹಾರ್ಮೋನು ಇಳಿದು ಬರುತ್ತದೆ, ಕೊನೆಯ ಕೊಳವೆಗಳು ಬಾಯಿ ತೆರೆದು ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಕೊನೆಗೆ ಒಂದೂವರೆ ಲೀಟರಿನಷ್ಟು ಉಳಿಯುತ್ತದೆ, ಒಂದು ಕೊಡದ ಹತ್ತನೇ ಒಂದು ಪಾಲು. ಅದು ಮೂತ್ರ. ಏಪ್ರಿಲ್ ಬಿಸಿಲಲ್ಲಿ ಹೊಲದಿಂದ ಬಂದವರ ಮೂತ್ರ ಗಾಢ ಹಳದಿ ಯಾಕೆ, ಮಳೆಗಾಲದಲ್ಲಿ ನೀರಿನ ಹಾಗೆ ಯಾಕೆ, ಈ ಕೊನೆಯ ಎರಡು ಕೊಡ ಹೇಳುತ್ತವೆ. ಈ ಆಟ ಆಡಿದ ಮಕ್ಕಳು 180 ಅನ್ನುವುದನ್ನು ಬಿಟ್ಟಿದ್ದು ನಾನು ಕಂಡಿಲ್ಲ.

ಕಿಡ್ನಿಗೆ ಸೋಸುವುದಷ್ಟೇ ಕೆಲಸವಲ್ಲ. ರಕ್ತದ ಒತ್ತಡ ಹಿಡಿತದಲ್ಲಿಡುವುದು, ಕೆಂಪು ರಕ್ತಕಣ ತಯಾರಿಸಲು ಮೂಳೆಮಜ್ಜೆಗೆ ಹಾರ್ಮೋನು ಕಳಿಸುವುದು, ವಿಟಮಿನ್ ಡಿ ಅನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು, ಇವೂ ಇವೆ. ಕಿಡ್ನಿ ಸೋತವರಿಗೆ ರಕ್ತ ಕಡಿಮೆಯಾಗುವುದು ಹೆಚ್ಚಾಗಿ ಮೂಳೆಮಜ್ಜೆಗೆ ಹೋಗುವ ಆ ಹಾರ್ಮೋನು ಸಾಲದೆ.

ಮೇಲಿನ ನಾಳ: ಮೂರು ಇಕ್ಕಟ್ಟು

ಮತ್ತೆ ಬನಿಯನ್ ತನ್ನಿ. 25ರಿಂದ 30 ಸೆಂಟಿಮೀಟರ್ ದಾರವನ್ನು ಕಿಡ್ನಿಯ ಒಳಬದಿಯಿಂದ ಕೆಳಗಿಳಿಸಿ, ಬೆನ್ನುಮೂಳೆಯ ಪಕ್ಕದಲ್ಲೇ ಸಾಗಿಸಿ, ಕೊನೆಗೆ ಮುಂದೆ ಮೂತ್ರಕೋಶದ ಕಡೆ ತಿರುಗಿಸಿ. ನಿಜವಾದ ನಾಳದ ಅಗಲ ಮೂರು ನಾಲ್ಕು ಮಿಲಿಮೀಟರ್. ಮೂತ್ರ ಇದರಲ್ಲಿ ಸುಮ್ನೆ ಇಳಿಯುವುದಿಲ್ಲ. ಗೋಡೆಯ ಸ್ನಾಯು ಅಲೆ ಅಲೆಯಾಗಿ ಹಿಂಡಿ ತಳ್ಳುತ್ತದೆ. ಮಲಗಿದರೂ ಮೂತ್ರಕೋಶ ತುಂಬುವುದು ಅದಕ್ಕೇ.

ದಾರದಲ್ಲಿ ಮೂರು ಗಂಟು ಹಾಕಿ. ಒಂದು, ಆಲಿಕೆ ಮುಗಿದು ನಾಳ ಶುರುವಾಗುವಲ್ಲಿ. ಎರಡು, ಕಾಲಿಗೆ ಹೋಗುವ ದೊಡ್ಡ ರಕ್ತನಾಳದ ಮೇಲೆ ಹತ್ತಿ ಕಟಿಯೊಳಗೆ ಇಳಿಯುವಲ್ಲಿ. ಮೂರು, ಮೂತ್ರಕೋಶದ ಗೋಡೆ ಹೊಗುವಲ್ಲಿ. ಮೂರನೆಯದೇ ಎಲ್ಲಕ್ಕಿಂತ ಇಕ್ಕಟ್ಟು. ಹರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಮೂರು ಗಂಟಿನಲ್ಲಿ.

ನನ್ನ ಸೋದರಮಾವನಿಗೆ ಒಂದು ಬೇಸಿಗೆಯಲ್ಲಿ ಬೆನ್ನಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಸಂಜೆಗೆ ಪಕ್ಕೆಗೆ ಬಂತು, ರಾತ್ರಿ ತೊಡೆಸಂದಿಗೆ ಇಳಿಯಿತು. ಕೂತರೂ ಆಗದು, ಮಲಗಿದರೂ ಆಗದು, ಅಂಗಳದಲ್ಲಿ ತಿರುಗುತ್ತಾ ಬೆಳಗು ಮಾಡಿದ. ಮನೆಯವರು ಗ್ಯಾಸ್ ಅಂದರು, ನಾನೂ ಹೂಂ ಅಂದೆ. ಎರಡು ದಿನ ಓಮಿನ ನೀರು ಕುಡಿಸಿದೆವು. ಸ್ಕ್ಯಾನ್ ಮಾಡಿದಾಗ ಹರಳು ಮೂರನೇ ಗಂಟಿನ ಹತ್ತಿರ ಕೂತಿತ್ತು. ಹರಳು ಇಳಿದ ಹಾಗೆ ನೋವೂ ಇಳಿದಿತ್ತು, ದಾರಿಯ ನಕ್ಷೆಯನ್ನು ನೋವೇ ಬರೆದು ತೋರಿಸಿತ್ತು. ನಾವು ಓದಲಿಲ್ಲ. ಆ ಎರಡು ದಿನ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಈ ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತುಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು.

ಮೂತ್ರಕೋಶ ಮತ್ತು ಹೊರನಾಳ

ಮೂತ್ರಕೋಶ ಸಿಕ್ಕಿದ್ದರೆ ಬಾಯಿಯಿಂದ ಊದಬೇಡಿ, ಸಿರಿಂಜಿನಿಂದ ನೀರು ತುಂಬಿಸಿ. ಮುದುಡಿ ಬಿದ್ದ ದಪ್ಪ ಗೋಡೆ ಹಿಗ್ಗುತ್ತಾ ತೆಳುವಾಗಿ, ಬೆಳಕು ಹಾಯುವಷ್ಟು ಆಗುತ್ತದೆ. ಒಳಪದರದ ಜೀವಕೋಶಗಳು ಹಿಗ್ಗಿದಾಗ ಚಪ್ಪಟೆಯಾಗಿ, ಖಾಲಿಯಾದಾಗ ಮತ್ತೆ ಗುಂಡಗಾಗುವ ಜಾತಿಯವು. ಬಲೂನಿನಲ್ಲಾದರೆ ಅಳೆದು ತುಂಬಿಸಿ. 150 ಮಿಲಿಲೀಟರ್ ಸುಮಾರಿಗೆ ಮೊದಲ ಸೂಚನೆ, 300 ದಾಟಿದರೆ ಎದ್ದು ಹೋಗಬೇಕೆನ್ನಿಸುತ್ತದೆ, 400ರಿಂದ 600ಕ್ಕೆ ತುಂಬಿದ ಹಾಗೆ.

ತುಂಬಿದ ಚೀಲದಿಂದ ಮೂತ್ರ ಹಿಂದಕ್ಕೆ ಕಿಡ್ನಿಗೆ ಯಾಕೆ ಹೋಗುವುದಿಲ್ಲ? ಮಕ್ಕಳು ಕೇಳದಿದ್ದರೆ ನೀವೇ ಕೇಳಿ. ಮೇಲಿನ ನಾಳ ಮೂತ್ರಕೋಶದ ಗೋಡೆಯನ್ನು ನೇರ ತೂರುವುದಿಲ್ಲ, ಓರೆಯಾಗಿ ಸುಮಾರು ಒಂದೂವರೆ ಎರಡು ಸೆಂಟಿಮೀಟರ್ ಗೋಡೆಯೊಳಗೇ ಸಾಗಿ ಆಮೇಲೆ ತೆರೆಯುತ್ತದೆ. ಚೀಲ ತುಂಬಿ ಒತ್ತಡ ಏರಿದಾಗ ಆ ಓರೆ ಭಾಗ ತಾನೇ ಅಮುಕಿ ಮುಚ್ಚುತ್ತದೆ. ಹಳೆಯ ಸೈಕಲ್ ಟ್ಯೂಬಿನ ವಾಲ್ವ್ ಮೇಲಿನ ರಬ್ಬರ್ ನಳಿಗೆ ನೆನಪಿದೆ ಅಲ್ವಾ? ಗಾಳಿ ಒಳಗೆ ಹೋಗುತ್ತದೆ, ಒಳಗಿನ ಒತ್ತಡವೇ ರಬ್ಬರನ್ನು ಒತ್ತಿ ದಾರಿ ಮುಚ್ಚುತ್ತದೆ. ಸೈಕಲ್ ಅಂಗಡಿಯಿಂದ ಒಂದು ತಂದು ತೋರಿಸಿ. ಹುಟ್ಟಿನಿಂದಲೇ ಈ ಓರೆ ಭಾಗ ಗಿಡ್ಡವಾಗಿರುವ ಮಕ್ಕಳಲ್ಲಿ ಮೂತ್ರ ಹಿಂದೆ ಹರಿದು ಮತ್ತೆ ಮತ್ತೆ ಸೋಂಕು ಆಗಬಹುದು.

ಮೂತ್ರಕೋಶದ ತಳದಲ್ಲಿ ಮೂರು ಬಾಯಿ ಸೇರಿ ಒಂದು ನುಣುಪಾದ ತ್ರಿಕೋನ: ಮೇಲೆ ಎರಡು ಒಳಬಾಗಿಲು, ಕೆಳಗೆ ಒಂದು ಹೊರಬಾಗಿಲು. ಹೊರಬಾಗಿಲಿಗೆ ಎರಡು ಕಾವಲು. ಮೊದಲನೆಯದು ನಮ್ಮ ಮಾತು ಕೇಳುವುದಿಲ್ಲ, ತಾನೇ ತೆರೆದು ಮುಚ್ಚುತ್ತದೆ. ಎರಡನೆಯದು ನಮ್ಮ ಹಿಡಿತದಲ್ಲಿದೆ. ಸಣ್ಣ ಮಕ್ಕಳು ಎರಡು ಮೂರು ವರ್ಷಕ್ಕೆ ಕಲಿಯುವುದು ಈ ಎರಡನೆಯದರ ಮೇಲಿನ ಹಿಡಿತ.

ಹೊರನಾಳ ಹೆಣ್ಣಿನಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಿನಲ್ಲಿ 18ರಿಂದ 20. ಈ ಎರಡು ಸಂಖ್ಯೆಗೆ ಸ್ಕೇಲಿನ ಮೇಲೆ ಬೆರಳಿಟ್ಟು ತೋರಿಸಿ. ಹೊರಗಿನ ಸೂಕ್ಷ್ಮಜೀವಿಗೆ ಮೂತ್ರಕೋಶ ಮುಟ್ಟಲು ಹೆಣ್ಣುಮಕ್ಕಳಲ್ಲಿ ದಾರಿ ಎಷ್ಟು ಗಿಡ್ಡ ನೋಡಿ. ಉರಿಮೂತ್ರ ಅವರಿಗೇ ಜಾಸ್ತಿ ಕಾಡಲು ಇದೊಂದು ದೊಡ್ಡ ಕಾರಣ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದ ಹುಡುಗಿಯರು ನನ್ನ ತರಗತಿಯಲ್ಲಿದ್ದರು. ಮೂತ್ರ ಹರಿದು ಹೋಗುವಾಗ ಆ ಗಿಡ್ಡ ದಾರಿಯನ್ನು ತೊಳೆಯುತ್ತದೆ. ನೀರು ಕುಡಿಯದೆ, ತಡೆದುಕೊಂಡು ಕೂತರೆ ತೊಳೆಯುವ ಕೆಲಸವೇ ನಿಲ್ಲುತ್ತದೆ. ಈ ಪಾಠದ ದಿನ ಹುಡುಗರ ಎದುರೇ ಇದನ್ನು ಹೇಳುತ್ತೇನೆ, ನಾಚಿಕೆ ಪಡುವ ಮಾತು ಇದರಲ್ಲಿ ಏನಿದೆ? ಪಾಠ ಮುಗಿದ ಮೇಲೆ ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಬೇಕೆಂದು ಮಕ್ಕಳೇ ಅರ್ಜಿ ಬರೆದರು, ಕೊಳವೆ ಬಂತು.

ಗಂಡಿನಲ್ಲಿ ಹೊರನಾಳ ಶುರುವಾಗುವಲ್ಲೇ ಪ್ರಾಸ್ಟೇಟ್ ಗ್ರಂಥಿ ಅದನ್ನು ಸುತ್ತಿಕೊಂಡಿದೆ. ವಯಸ್ಸಾದಂತೆ ಅದು ದಪ್ಪಗಾದರೆ ನಡುವಿನ ದಾರಿ ಇಕ್ಕಟ್ಟಾಗುತ್ತದೆ. ಅಜ್ಜ ರಾತ್ರಿ ನಾಲ್ಕು ಸಲ ಏಳುವುದಕ್ಕೆ, ಎದ್ದರೂ ಬಹಳ ಹೊತ್ತು ನಿಲ್ಲುವುದಕ್ಕೆ ಇದು ಕಾರಣ ಇರಬಹುದು, ತೋರಿಸಿಕೊಂಡು ಬರಲಿ.

ಈಗ ಚಿತ್ರ

ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಒಂದು ಲೋಟ ಮಜ್ಜಿಗೆಯ ದಾರಿ ಬರೆಯಿರಿ, ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಹೊರನಾಳದವರೆಗೆ. ಪ್ರತಿ ನಿಲ್ದಾಣದಲ್ಲಿ ಒಂದು ಅಳತೆ ಇರಬೇಕು: ಉದ್ದ, ಅಗಲ ಅಥವಾ ಲೀಟರ್. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಪುಸ್ತಕ ತೆರೆಯುವ ಬದಲು ತಟ್ಟೆ ನೋಡಿ ಅಥವಾ ಬನಿಯನ್ ನೋಡಿ. ಇದಾದ ಮೇಲೆ ಪುಸ್ತಕದ ಚಿತ್ರ ಹತ್ತು ನಿಮಿಷದ ಕೆಲಸ. ನಿಜವಾದ ಮನುಷ್ಯನ ಕಿಡ್ನಿ ನೋಡಬೇಕೆಂಬ ಆಸೆ ಇದ್ದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಅಂಗರಚನಾ ವಿಭಾಗಕ್ಕೆ ಶಾಲೆಯ ಮೂಲಕ ಪತ್ರ ಬರೆದು ಕೇಳಿ.

ಉಳಿದ ಗುರ್ದಾವನ್ನು ಅಡಿಗೆಗೆ ಬಳಸಬೇಡಿ, ಶಾಯಿ ತುಂಬಿದ್ದೀರಿ. ಬೀದಿನಾಯಿಗೂ ಎಸೆಯಬೇಡಿ. ಕುರಿಯ ಹಸಿ ಅಂಗಾಂಗ ತಿಂದ ನಾಯಿಯಿಂದ ಮನುಷ್ಯರಿಗೆ ಹೈಡಾಟಿಡ್ ಎಂಬ ಗುಳ್ಳೆಗಳ ರೋಗ ಹರಡುವುದುಂಟು. ಮೊಣಕಾಲಿನಷ್ಟು ಆಳದ ಗುಂಡಿ ತೋಡಿ ಹೂಳಿ, ಮೇಲೆ ಕಲ್ಲಿಡಿ. ಗ್ಲೌಸು, ಸಿರಿಂಜು ಕಟ್ಟಿ ಬೇರೆ ಬಿಸಾಡಿ. ಚಾಕು, ತಟ್ಟೆ ಸಾಬೂನು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ, ಕೈಯನ್ನು ಮೊಣಕೈವರೆಗೆ. ಬನಿಯನ್ ಮಾತ್ರ ಒಗೆಯಬೇಡಿ. ನಮ್ಮ ಶಾಲೆಯ ಬನಿಯನ್ ಐದನೇ ವರ್ಷಕ್ಕೆ ಕಾಲಿಟ್ಟಿದೆ. ಗೆರೆ ಮಾಸಿದಲ್ಲಿ ಪ್ರತಿ ವರ್ಷ ಹೊಸ ತಂಡದ ಒಬ್ಬರು ಮಣಿ ಎಣಿಸಿ ಮತ್ತೆ ತಿದ್ದುತ್ತಾರೆ.